ಹಿಂಬದಿ ಇಳಿಸಿದ ಪಿಕಪ್: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಸರಕು ಹೊರಲೆಂದು ಕಟ್ಟಿದ ಪಿಕಪ್ ಖಾಲಿ ನಿಂತಾಗ ಅದರ ಹಿಂಬದಿ ಮುಂಬದಿಗಿಂತ ಒಂದೆರಡು ಅಂಗುಲ ಎತ್ತರವಾಗಿರುವುದು ಸಹಜ. ಕಾರವಾರದ ಬೈತಕೋಲ್ ಬಂದರಿನಲ್ಲಿ ಮಂಜುಗಡ್ಡೆ ಮುಚ್ಚಿದ ಮೀನಿನ ಪೆಟ್ಟಿಗೆಗಳನ್ನು ತುಂಬಿಕೊಂಡ ಗಾಡಿ ಅರಬೈಲ್ ಘಟ್ಟ ಹತ್ತುವಾಗ ಮಟ್ಟವಾಗಿ ನಿಲ್ಲಬೇಕೆಂಬ ಲೆಕ್ಕದಿಂದಲೇ ಆ ಎತ್ತರವನ್ನು ಬಿಟ್ಟಿರುತ್ತಾರೆ. ಆದರೆ ಅದೇ ಗಾಡಿಯನ್ನು ಮನೆಯ ಓಡಾಟಕ್ಕೆ, ತೋಟದ ಸಣ್ಣಪುಟ್ಟ ಕೆಲಸಕ್ಕೆ ಇಟ್ಟುಕೊಂಡವರಿಗೆ ಸದಾ ಮುಗ್ಗರಿಸಿದಂತೆ ಕಾಣುವ ನಿಲುವು ಹಿಡಿಸುವುದಿಲ್ಲ. ಹಿಂದಿನ ಬಾಡಿ ಎದೆಮಟ್ಟಕ್ಕಿದ್ದರೆ ಅಡಿಕೆ ಚೀಲ ಏರಿಸುವುದೂ ಕಷ್ಟ. ಹೀಗಾಗಿ ಹಿಂಬದಿಯನ್ನು ಇಳಿಸಿ ಮಟ್ಟ ಮಾಡಿಸುವವರು ಇದ್ದಾರೆ.

ಇಳಿಸುವ ಕೆಲಸ ಅರ್ಧ ದಿನದ್ದು. ಆ ನಂತರ ಕಾಣಿಸಿಕೊಳ್ಳುವ ಸದ್ದು, ನಡುಕ ಮತ್ತು ಬ್ರೇಕಿನ ವ್ಯತ್ಯಾಸಗಳ ಮೂಲ ಹುಡುಕುವುದು ಮಾತ್ರ ಅಷ್ಟು ಬೇಗ ಮುಗಿಯುವುದಿಲ್ಲ, ಏಕೆಂದರೆ ಹಿಂಬದಿಯ ಎತ್ತರ ಬದಲಾದೊಡನೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಎಳೆತ ಒಯ್ಯುವ ಜಾಯಿಂಟ್ ಶಾಫ್ಟಿನ ಕೋನ, ಶಾಕ್ ಅಬ್ಸಾರ್ಬರಿನ ಚಲನೆ, ಹಿಂದಿನ ಬ್ರೇಕಿಗೆ ಹೋಗುವ ಒತ್ತಡ ಮತ್ತು ಹೆಡ್‌ಲೈಟಿನ ದಿಕ್ಕು ಒಟ್ಟಿಗೇ ಬದಲಾಗಿರುತ್ತವೆ. ಕೆಳಗಿನ ಭಾಗಗಳನ್ನು ಮಾಲೀಕರ ಕಣ್ಣಿಗೋ ಕಿವಿಗೋ ಮೊದಲು ಬೀಳುವ ಲಕ್ಷಣಗಳ ಪ್ರಕಾರ ವಿಂಗಡಿಸಿದೆ; ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ.

ಗಾಡಿಯ ಕೆಳಗೆ ಹೋಗುವ ಮುನ್ನ

ಜಾಕಿ ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲಿಸುವ ಸಾಧನವಲ್ಲ. ಎತ್ತಿದ ಗಾಡಿಯನ್ನು ಚಾಸಿಯ ಎರಡೂ ಬದಿಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಇಟ್ಟ ಮೇಲೆಯೇ ಕೆಳಗೆ ನುಸುಳಬೇಕು. ನಮ್ಮ ಕಡೆ ಅಂಗಳದಲ್ಲಿ ಸುಲಭವಾಗಿ ಸಿಗುವ ಚಿರೇಕಲ್ಲನ್ನು ಸ್ಟ್ಯಾಂಡಿನ ಬದಲು ಇಡುವ ಅಭ್ಯಾಸವಿದೆ. ಗೋಡೆಯಲ್ಲಿ ಭಾರ ಹರಡಿಕೊಂಡಾಗ ತಡೆಯುವ ಆ ಕಲ್ಲು, ಚಾಸಿಯ ಅಂಚಿನಂಥ ಕಿರಿದಾದ ಜಾಗದಿಂದ ಭಾರ ಬಿದ್ದಾಗ, ಅದರಲ್ಲೂ ಮಳೆಗಾಲದಲ್ಲಿ ನೀರು ಕುಡಿದಿದ್ದಾಗ, ಯಾವ ಮುನ್ಸೂಚನೆಯೂ ಇಲ್ಲದೆ ಒಡೆಯಬಹುದು. ಸಿಮೆಂಟ್ ಇಟ್ಟಿಗೆಗೂ ಇದೇ ಮಾತು.

ಹಿಂದಿನ ಆ್ಯಕ್ಸಲ್ ಇರುವ ಹೌಸಿಂಗನ್ನು ಪ್ಲೇಟುಗಳಿಗೆ (ಭಾರ ಹೊರುವ ಕಮಾನಿನಾಕಾರದ ಉಕ್ಕಿನ ಪಟ್ಟಿಗಳಿಗೆ) ಬಿಗಿದಿಡುವ ಯು-ಬೋಲ್ಟ್ ಸಡಿಲಿಸುವಾಗ ಹೌಸಿಂಗಿನ ಕೆಳಗೆ ಬೇರೆ ಜಾಕಿ ಇರಬೇಕು. ಪ್ಲೇಟಿನ ಬಿಗುವು ಇದ್ದಕ್ಕಿದ್ದಂತೆ ಬಿಟ್ಟುಕೊಂಡರೆ ಕೈ ಮುರಿಯುತ್ತದೆ. ಉಪ್ಪುನೀರಿಗೆ ತುಕ್ಕು ಹಿಡಿದು ಬಿಚ್ಚಲಾಗದ ಬೋಲ್ಟನ್ನು ಗ್ರೈಂಡರಿನಿಂದ ಕತ್ತರಿಸಬೇಕಾದರೆ ಡೀಸೆಲ್ ಟ್ಯಾಂಕ್ ಮತ್ತು ಬ್ರೇಕ್ ಪೈಪು ಎಲ್ಲಿವೆ ಎಂದು ಮೊದಲು ನೋಡಿ, ಅವನ್ನು ಒದ್ದೆ ಗೋಣಿಯಿಂದ ಮುಚ್ಚಬೇಕು.

ಹಿಂಬದಿ ಎತ್ತರ ಕಾಣುತ್ತಿದೆ, ಇನ್ನೂ ಇಳಿಸಿಲ್ಲ

ಇಳಿಸುವ ನಿರ್ಧಾರಕ್ಕೆ ಮುಂಚೆ ಹಿಂಬದಿ ಎತ್ತರವಾಗಿದೆಯೋ ಮುಂಬದಿ ಕುಸಿದಿದೆಯೋ ಎಂಬುದನ್ನು ತಿಳಿಯಬೇಕು. ಐದಾರು ಮಳೆಗಾಲ ಕಂಡ ಗಾಡಿಗಳಲ್ಲಿ ಎರಡನೆಯದೇ ನಿಜವಾಗಿರುವ ಸಾಧ್ಯತೆ ಕಡಿಮೆಯಲ್ಲ, ಮತ್ತು ಆಗ ಹಿಂಬದಿ ಇಳಿಸುವುದೆಂದರೆ ಒಂದು ದೋಷದ ಜತೆ ಇನ್ನೊಂದನ್ನು ಕಟ್ಟಿದಂತೆ.

ನಾಲ್ಕೂ ಟೈರುಗಳಲ್ಲಿ ಸೂಚಿಸಿದಷ್ಟು ಗಾಳಿ ತುಂಬಿಸಿ, ಹಿಂದಿನ ಬಾಡಿ ಖಾಲಿ ಮಾಡಿ, ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ಅಡಿಕೆ ಒಣಗಿಸುವ ಅಂಗಳ ಸಮವಾಗಿ ಕಂಡರೂ ನೀರು ಹರಿದುಹೋಗಲೆಂದು ಅದಕ್ಕೆ ಓಟ ಕೊಟ್ಟಿರುತ್ತಾರೆ. ಆದ್ದರಿಂದ ರಸಮಟ್ಟ ಇಟ್ಟು ನೋಡುವುದು ಒಳ್ಳೆಯದು. ನಂತರ ಪ್ರತಿ ಚಕ್ರದ ನಡುಬಿಂದುವಿನಿಂದ ನೇರ ಮೇಲಿರುವ ಮಡ್‌ಗಾರ್ಡಿನ ಅಂಚಿನವರೆಗೆ ಟೇಪಿನಿಂದ ಅಳೆದು ನಾಲ್ಕು ಅಂಕಿಗಳನ್ನೂ ಬರೆದಿಡಬೇಕು. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಮುಂದಿನ ಎರಡು ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ, ಅಥವಾ ಅದೇ ಮಾದರಿಯ ಹೊಸ ಗಾಡಿಗಿಂತ ಮುಂಬದಿ ತಗ್ಗಾಗಿದ್ದರೆ, ದುರಸ್ತಿ ಮುಂದೆ ಆಗಬೇಕು. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಭಾರ ಹೊರುವ ಸರಳು) ಇರುವ ಗಾಡಿಗಳಲ್ಲಿ ಬೋಲ್ಟ್ ತಿರುಗಿಸಿ ಎತ್ತರ ಸರಿಪಡಿಸಲು ಸಾಧ್ಯ. ಕಾಯಿಲ್ ಸ್ಪ್ರಿಂಗ್ ಇದ್ದರೆ ಜೋಡಿಯಾಗಿ ಬದಲಿಸಬೇಕು. ಎರಡರಲ್ಲೂ ಆಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು.

ಹಿಂಬದಿಯೇ ಎತ್ತರ ಎಂದು ಖಚಿತವಾದರೆ, ಪ್ಲೇಟುಗಳು ಹೌಸಿಂಗಿನ ಮೇಲಿವೆಯೋ ಕೆಳಗಿವೆಯೋ ಎಂದು ಬಗ್ಗಿ ನೋಡಬೇಕು. ಅನೇಕ ಪಿಕಪ್‌ಗಳಲ್ಲಿ ಅವು ಮೇಲಿರುತ್ತವೆ. ಹಾಗಿದ್ದಲ್ಲಿ ನಡುವೆ ಬ್ಲಾಕ್ (ಎತ್ತರ ಬದಲಿಸಲು ಇಡುವ ಗಟ್ಟಿ ತುಂಡು) ಸೇರಿಸಿದರೆ ಗಾಡಿ ಇನ್ನಷ್ಟು ಏರುತ್ತದೆ. ಕಂಪನಿಯೇ ಕೊಟ್ಟ ಬ್ಲಾಕ್ ಇದ್ದರೆ ಅದನ್ನು ತೆಳ್ಳಗಿನದಕ್ಕೆ ಬದಲಿಸುವುದು, ಅಥವಾ ಪ್ಲೇಟಿನ ಹಿಂತುದಿಯನ್ನು ಚಾಸಿಗೆ ಜೋಡಿಸುವ ಶಾಕಲ್ ಎಂಬ ಕೊಂಡಿ ಚಾಸಿಯಿಂದ ಕೆಳಕ್ಕೆ ನೇತಾಡುವಂಥದ್ದಾಗಿದ್ದರೆ ಗಿಡ್ಡ ಶಾಕಲ್ ಹಾಕುವುದು ಇಳಿಸುವ ದಾರಿ. ಪ್ಲೇಟುಗಳು ಹೌಸಿಂಗಿನ ಕೆಳಗಿದ್ದರೆ ಮಾತ್ರ ಬ್ಲಾಕ್ ಸೇರಿಸಿದಾಗ ಗಾಡಿ ಇಳಿಯುತ್ತದೆ. ಶಾಕಲ್ ಪ್ಲೇಟಿನ ಒಂದು ತುದಿಯನ್ನಷ್ಟೇ ಎತ್ತುವುದರಿಂದ 50 ಮಿಲಿಮೀಟರ್ ಗಿಡ್ಡವಾದ ಶಾಕಲ್ ಹಾಕಿದರೆ ಗಾಡಿ ಇಳಿಯುವುದು ಸುಮಾರು 25 ಮಿಲಿಮೀಟರ್ ಮಾತ್ರ.

ಪ್ಲೇಟು ತೆಗೆದು ಇಳಿಸುವ ರೂಢಿಯೂ ಇದೆ. ಅದರಿಂದ ಹೊರುವ ಶಕ್ತಿ ಕುಗ್ಗುತ್ತದೆ, ಆದರೆ ನೋಂದಣಿ ಪತ್ರದಲ್ಲಿರುವ ತೂಕ ಹಾಗೆಯೇ ಉಳಿಯುತ್ತದೆ. ಮುಂದೆ ಗಾಡಿ ಕೊಂಡವರು ಆ ಪತ್ರ ನಂಬಿ ಚಿರೇಕಲ್ಲು ತುಂಬಿದರೆ ಏನಾಗಬಹುದೆಂದು ಯೋಚಿಸಬೇಕು. ಗ್ಯಾಸಿನಲ್ಲಿ ಕಾಯಿಸಿ ಪ್ಲೇಟಿನ ಕಮಾನು ತಗ್ಗಿಸುವುದನ್ನಂತೂ ಒಪ್ಪಲೇಬಾರದು. ಹಾಗೆ ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಕೆಟ್ಟು ಪ್ಲೇಟು ಅಲ್ಲೇ ಮುರಿಯುತ್ತದೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಬೇಕು. ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಸರಕು ಸಾಗಣೆಯ ನೋಂದಣಿ ಇರುವ ಗಾಡಿಯಾದರೆ ಫಿಟ್‌ನೆಸ್ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆ. ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿ, ಯಾವ ಸಾರಿಗೆ ಕಚೇರಿಯ ವ್ಯಾಪ್ತಿಗೆ ಬರುತ್ತೀರೋ ಅಲ್ಲಿ ಕೆಲಸ ಮಾಡಿಸುವ ಮುನ್ನವೇ ವಿಚಾರಿಸುವುದು ಕ್ಷೇಮ.

ಇಳಿಸಿದ ಮೇಲೆ ಗಾಡಿ ಒಂದು ಬದಿಗೆ ವಾಲಿದೆ

ಮತ್ತೊಮ್ಮೆ ನಾಲ್ಕೂ ಕಡೆ ಅಳೆದು ಹಳೆಯ ಅಂಕಿಗಳೊಂದಿಗೆ ಹೋಲಿಸಿ. ಎಡಬಲಗಳ ನಡುವೆ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ ಗಾಬರಿಪಡುವಂಥದ್ದಲ್ಲ. ಡೀಸೆಲ್ ಟ್ಯಾಂಕ್ ಒಂದೇ ಬದಿಗಿರುವ ಗಾಡಿಯಲ್ಲಿ ಟ್ಯಾಂಕ್ ತುಂಬಿದಾಗ ಅಷ್ಟು ಇದ್ದೇ ಇರುತ್ತದೆ. ಹತ್ತು ಮಿಲಿಮೀಟರ್ ದಾಟಿದರೆ ಹುಡುಕಬೇಕು.

ವಾಲುವಿಕೆ ಹಿಂದಿನಿಂದ ಬಂದದ್ದೋ ಮುಂದಿನಿಂದಲೋ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಮುಂದಿನ ಅಡ್ಡ ಚಾಸಿಯ ಸರಿಯಾದ ನಡುವಿಗೆ ಜಾಕಿ ಕೊಟ್ಟು ಮುಂದಿನ ಚಕ್ರಗಳ ಮೇಲಿನ ಭಾರ ಇಳಿಯುವಷ್ಟು ಎತ್ತಿದರೆ ಗಾಡಿಯ ಮೈ ಹಿಂದಿನ ಪ್ಲೇಟುಗಳನ್ನಷ್ಟೇ ಅನುಸರಿಸಿ ನಿಲ್ಲುತ್ತದೆ. ಆಗಲೂ ವಾಲಿದ್ದರೆ ದೋಷ ಹಿಂದಿದೆ, ನೆಟ್ಟಗಾದರೆ ಮುಂದಿದೆ. ಈ ಪರೀಕ್ಷೆ ಹೊರಗಿನಿಂದ ನೋಡಲಿಕ್ಕೆ ಮಾತ್ರ, ಆ ಸ್ಥಿತಿಯಲ್ಲಿ ಯಾರೂ ಗಾಡಿಯ ಕೆಳಗೆ ಹೋಗಬಾರದು.

ಹಿಂದಿನ ದೋಷಕ್ಕೆ ಸಾಮಾನ್ಯ ಕಾರಣ ಮೂರು: ಎರಡು ಬದಿಯ ಬ್ಲಾಕ್ ಅಥವಾ ಶಾಕಲ್ ಒಂದೇ ಅಳತೆಯವಲ್ಲ; ತುಕ್ಕು ಹಿಡಿದ ಶಾಕಲ್ ಪಿನ್ ಒಂದು ಬದಿಯಲ್ಲಿ ತಿರುಗುತ್ತಿಲ್ಲ; ಅಥವಾ ಪ್ಲೇಟು ಬಿರುಕು ಬಿಟ್ಟಿದೆ. ಮೀನು ಸಾಗಿಸಿದ ಗಾಡಿಯಲ್ಲಿ ಪೆಟ್ಟಿಗೆಗಳಿಂದ ಸೋರಿದ ಉಪ್ಪುನೀರು ಪ್ಲೇಟುಗಳ ಸಂದಿಯಲ್ಲಿ ನಿಂತು ತಿನ್ನುವುದರಿಂದ ಮೂರನೆಯದನ್ನು ಕೊನೆಗೆ ಬಿಡದೆ, ವೈರ್ ಬ್ರಷ್‌ನಿಂದ ಉಜ್ಜಿ ಟಾರ್ಚ್ ಹಿಡಿದು ನೋಡಬೇಕು. ಬಿರುಕು ಕಂಡರೆ ಗಾಡಿ ಅಲ್ಲಿಗೇ ನಿಲ್ಲಬೇಕು. ಪ್ಲೇಟಿಗೆ ವೆಲ್ಡಿಂಗ್ ಮಾಡಿಸುವುದು ದುರಸ್ತಿಯಲ್ಲ.

ರಸ್ತೆಯುಬ್ಬು ದಾಟುವಾಗ ಹಿಂದೆ ದಡ್ ಎಂದು ಬಡಿಯುತ್ತದೆ

ಹೌಸಿಂಗ್ ಚಾಸಿಗೆ ಹತ್ತಿರವಾದಷ್ಟೂ ಅದು ಮೇಲೇಳಲು ಉಳಿದ ಜಾಗ ಕಡಿಮೆಯಾಗುತ್ತದೆ. ಚಾಸಿಯ ಅಡಿಯಲ್ಲಿರುವ ಬಂಪ್ ರಬ್ಬರ್ ಮತ್ತು ಹೌಸಿಂಗಿನ ನಡುವೆ, ಗಾಡಿ ಖಾಲಿ ನಿಂತಾಗ, ಮೂರು ಬೆರಳು ಸೇರಿಸಿ ಹಿಡಿದರೆ ಹೋಗುವಷ್ಟೂ ಜಾಗವಿಲ್ಲದಿದ್ದರೆ ಇಳಿಸಿದ್ದು ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ.

ಬಡಿಯುತ್ತಿರುವುದು ರಬ್ಬರೋ ಶಾಕ್ ಅಬ್ಸಾರ್ಬರೋ ಎಂದು ತಿಳಿಯಲು ಎಲೆಯಡಿಕೆಯ ಸುಣ್ಣ ಸಾಕು. ರಬ್ಬರಿನ ತುದಿಗೆ ಸುಣ್ಣ ಹಚ್ಚಿ, ಸದ್ದು ಬರುವ ಉಬ್ಬಿನ ಮೇಲೆ ಒಮ್ಮೆ ಓಡಿಸಿ ಬಂದು ನೋಡಿ. ಹೌಸಿಂಗಿನ ಮೇಲೆ ಬಿಳಿ ಗುರುತು ಮೂಡಿದ್ದರೆ ರಬ್ಬರ್ ತಾಗುತ್ತಿದೆ. ಗುರುತಿಲ್ಲದೆ ಸದ್ದು ಮಾತ್ರ ಬರುತ್ತಿದ್ದರೆ, ರಬ್ಬರ್ ತಾಗುವ ಮೊದಲೇ ಶಾಕ್ ಅಬ್ಸಾರ್ಬರ್ ಒಳಗೆ ಪೂರ್ತಿ ಮುಚ್ಚಿಕೊಂಡು ಬಡಿಯುತ್ತಿರಬೇಕು. ಇದು ಹೆಚ್ಚು ಕೆಟ್ಟದ್ದು, ಏಕೆಂದರೆ ಮೊದಲು ಅದರ ಸೀಲು ಹೋಗಿ ಎಣ್ಣೆ ಸೋರುತ್ತದೆ, ಆಮೇಲೆ ಅದನ್ನು ಹಿಡಿದ ಬ್ರ್ಯಾಕೆಟ್ಟೇ ಚಾಸಿಯಿಂದ ಕಿತ್ತುಬರಬಹುದು. ಗಾಡಿ 40 ಮಿಲಿಮೀಟರ್ ಇಳಿದರೆ ಶಾಕ್ ಮುಚ್ಚಿಕೊಳ್ಳಲು ಉಳಿದಿದ್ದ ಉದ್ದದಲ್ಲಿ ಹೆಚ್ಚುಕಡಿಮೆ ಅಷ್ಟೇ ಕಳೆದುಹೋಗಿರುತ್ತದೆ. ಪರಿಹಾರ ಗಿಡ್ಡ ಶಾಕ್ ಹಾಕುವುದು. ರಬ್ಬರನ್ನು ಕತ್ತರಿಸಿ ಜಾಗ ಮಾಡುವವರು, ಆಗ ಎಲ್ಲ ಹೊಡೆತ ಶಾಕಿನ ಮೇಲೆ ಬೀಳುತ್ತದೆ ಎಂಬುದನ್ನು ಮರೆಯುತ್ತಾರೆ.

ಹೌಸಿಂಗಿಗೆ ಜಾಗ ಮಾಡಲು ಚಾಸಿಯನ್ನೇ ಕತ್ತರಿಸಿ ಬೆಸೆಯುವ ವಿಧಾನವೂ ಇದೆ. ಘಟ್ಟದ ರಸ್ತೆಯಲ್ಲಿ ಓಡುವ ಗಾಡಿಗೆ ಅದನ್ನು ನಾನು ಹೇಳಲಾರೆ. ಅಲ್ಲಿಯವರೆಗೆ ಹೋಗಬೇಕಾಗಿ ಬಂದರೆ ಅರ್ಧ ಅಂಗುಲ ಮತ್ತೆ ಎತ್ತರಿಸುವುದೇ ಮೇಲು.

ಹೊರಡುವಾಗ ನಡುಕ, ಅಥವಾ ಒಂದು ವೇಗದಲ್ಲಿ ಗುಂಯ್‌ಗುಡುವ ಸದ್ದು

ಹೆಚ್ಚು ಜನರನ್ನು ದಾರಿ ತಪ್ಪಿಸುವ ದೋಷ ಇದು. ಮೊದಲು ಎರಡು ಲಕ್ಷಣಗಳನ್ನು ಬೇರ್ಪಡಿಸಬೇಕು. ಕ್ಲಚ್ ಬಿಟ್ಟು ಹೊರಡುವಾಗ, ಮುಖ್ಯವಾಗಿ ಏರಿನಲ್ಲಿ ಅಥವಾ ಭಾರ ಇದ್ದಾಗ, ಮೊದಲ ಇಪ್ಪತ್ತು ಕಿಲೋಮೀಟರ್ ವೇಗದೊಳಗೆ ಮೈ ಗಡಗಡ ನಡುಗಿ ಆಮೇಲೆ ನಿಂತರೆ, ಎಳೆತದಿಂದ ಹೌಸಿಂಗಿನ ಮೂತಿ (ಶಾಫ್ಟ್ ಬಂದು ಸೇರುವ ಮುಂತುದಿ) ಮೇಲೇಳುತ್ತಿದೆ ಅಥವಾ ಶಾಫ್ಟಿನ ನಡುವಿನ ಬೇರಿಂಗ್ ಸಡಿಲವಾಗಿದೆ. 60ರಿಂದ 80ರ ನಡುವೆ ಯಾವುದೋ ಒಂದು ವೇಗದಲ್ಲಿ ಮಾತ್ರ, ಯಾವ ಗೇರಿನಲ್ಲಿದ್ದರೂ, ಸದ್ದು ಬರುತ್ತಿದ್ದರೆ ಅದು ಚಕ್ರದ್ದು ಅಥವಾ ಶಾಫ್ಟಿನದು, ಎಂಜಿನ್ನಿನದಲ್ಲ. ಇದನ್ನು ಖಚಿತಪಡಿಸಲು ಖಾಲಿ ಇರುವ ಸಮತಟ್ಟಾದ ನೇರ ರಸ್ತೆಯಲ್ಲಿ ಆ ವೇಗಕ್ಕೆ ಬಂದು ಕ್ಷಣಕಾಲ ನ್ಯೂಟ್ರಲ್ ಮಾಡಿ ನೋಡಬಹುದು. ಘಟ್ಟದ ಇಳಿಜಾರಿನಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಮಾಡಬಾರದು.

ಖರ್ಚಿಲ್ಲದ ಕಡೆಯಿಂದ ಹೊರಡೋಣ. ಚಿರೇಮಣ್ಣಿನ ದಾರಿಯಲ್ಲಿ ಓಡಿದ ಗಾಡಿಯ ರಿಮ್ಮಿನ ಒಳಬದಿಯಲ್ಲಿ ಕೆಂಪು ಕೆಸರು ಅಂಟಿ ಒಣಗಿದ್ದರೆ ಅಷ್ಟೇ ಸಾಕು ನಡುಕ ಹುಟ್ಟಲು, ತೊಳೆದು ನೋಡಿ. ನಂತರ ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಅಲುಗಾಡಿಸಿ ಕ್ರಾಸ್‌ಗಳಲ್ಲಿ (ಶಾಫ್ಟ್ ಓರೆಯಾಗಿಯೂ ತಿರುಗಲು ಬಿಡುವ ತುದಿಯ ಕೀಲುಗಳಲ್ಲಿ) ಆಟ ಇದೆಯೇ, ನಡುವಿನ ಬೇರಿಂಗಿನ ರಬ್ಬರ್ ಹರಿದಿದೆಯೇ ಎಂದು ಪರೀಕ್ಷಿಸಿ. ಕೆಲಸದ ವೇಳೆ ಶಾಫ್ಟನ್ನು ಜಾರುಜೋಡಣೆಯಲ್ಲಿ ಬೇರ್ಪಡಿಸಿದ್ದರೆ, ಮತ್ತೆ ಸೇರಿಸುವಾಗ ಒಂದೆರಡು ಹಲ್ಲು ಆಚೀಚೆಯಾಗಿರಬಹುದು. ಒಂದು ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಮತಲದಲ್ಲಿ ಇಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಸದ್ದು ಹೋಗುವುದಿಲ್ಲ. ಬಿಚ್ಚುವ ಮೊದಲೇ ಬಣ್ಣದ ಗುರುತು ಹಾಕಿದ್ದರೆ ಈ ಅನುಮಾನವೇ ಬರುತ್ತಿರಲಿಲ್ಲ.

ಇವೆಲ್ಲ ಸರಿಯಿದ್ದರೆ ಕೋನ ಅಳೆಯಬೇಕು. ಒಂದೇ ತುಂಡಿನ ಶಾಫ್ಟ್ ಇರುವ ಗಾಡಿಯಲ್ಲಿ ಗೇರ್‌ಬಾಕ್ಸಿನ ಹಿಂತುದಿಯ ರೇಖೆ ಮತ್ತು ಹೌಸಿಂಗಿನ ಮೂತಿಯ ರೇಖೆ ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಆಗ ಮುಂದಿನ ಕ್ರಾಸ್ ಹುಟ್ಟಿಸುವ ಏರಿಳಿತವನ್ನು ಹಿಂದಿನದು ಕಳೆಯುತ್ತದೆ. ಪ್ಲೇಟಿನ ಗಾಡಿಗಳಲ್ಲಿ ಎಳೆತಕ್ಕೆ ಮೂತಿ ತುಸು ಮೇಲೇಳುವುದರಿಂದ, ನಿಂತಾಗ ಅದು ಸಮಾನಾಂತರಕ್ಕಿಂತ ಒಂದೆರಡು ಡಿಗ್ರಿ ಕೆಳಗಿದ್ದರೆ ಒಳ್ಳೆಯದು. ಗಿಡ್ಡ ಶಾಕಲ್ ಈ ಲೆಕ್ಕ ಕೆಡಿಸುತ್ತದೆ: ಕಣ್ಣಿನಿಂದ ಕಣ್ಣಿಗೆ (ಎರಡು ತುದಿಯ ಬಳೆಗಳ ನಡುವೆ) 1200 ಮಿಲಿಮೀಟರ್ ಇರುವ ಪ್ಲೇಟಿನ ಹಿಂತುದಿಯನ್ನು 50 ಮಿಲಿಮೀಟರ್ ಎತ್ತಿದರೆ ಮೂತಿ ಎರಡು ಡಿಗ್ರಿಗಿಂತ ಹೆಚ್ಚು ಕೆಳಕ್ಕೆ ಬಾಗುತ್ತದೆ. ಅಳೆಯುವಾಗ ಗಾಡಿಯ ಭಾರ ಚಕ್ರಗಳ ಮೇಲೆಯೇ ಇರಬೇಕು. ಜಾಕಿಯ ಮೇಲೆ ನೇತಾಡುವ ಹೌಸಿಂಗಿನ ಕೋನ ಅಳೆದು ಪ್ರಯೋಜನವಿಲ್ಲ. ಆದ್ದರಿಂದ ರ‍್ಯಾಂಪ್ ಅಥವಾ ಗುಂಡಿ ಇರುವ ಕಡೆ ಹೋಗಬೇಕು.

ಕೋನ ಸರಿಪಡಿಸುವುದು ಪ್ಲೇಟು ಮತ್ತು ಹೌಸಿಂಗಿನ ನಡುವೆ ಇಡುವ ಉಕ್ಕಿನ ಬೆಣೆಯಿಂದ. ಅದನ್ನು ಯಾವ ಕಡೆಗೆ ಮುಖ ಮಾಡಿ ಇಡಬೇಕು ಎಂಬಲ್ಲಿಯೇ ಅನುಭವಿಗಳೂ ಎಡವುತ್ತಾರೆ. ಪ್ಲೇಟು ಹೌಸಿಂಗಿನ ಮೇಲಿದ್ದರೆ, ಬೆಣೆಯ ದಪ್ಪ ಬದಿ ಹಿಂದಕ್ಕಿದ್ದಾಗ ಮೂತಿ ಮೇಲೇಳುತ್ತದೆ. ಪ್ಲೇಟು ಕೆಳಗಿದ್ದರೆ ದಪ್ಪ ಬದಿ ಮುಂದಕ್ಕಿರಬೇಕು. ನನ್ನ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಇದನ್ನು ತಿರುಗಾಮುರುಗಾ ಇಟ್ಟಿದ್ದರು. ಎರಡು ಡಿಗ್ರಿಯ ದೋಷ ನಾಲ್ಕಾಗಿ, ಹೊಸ ಕ್ರಾಸ್ ಒಂದೇ ಮಳೆಗಾಲದಲ್ಲಿ ಹೋಯಿತು, ಮತ್ತು ಅಷ್ಟೂ ದಿನ ನಾನು ಟೈರ್ ಬ್ಯಾಲೆನ್ಸ್ ಮಾಡಿಸುತ್ತಲೇ ಇದ್ದೆ. ಎರಡು ತುಂಡಿನ ಶಾಫ್ಟ್ ಇರುವ ಉದ್ದ ಗಾಡಿಗಳಲ್ಲಿ ನಡುವಿನ ಬೇರಿಂಗಿನ ಎತ್ತರವೂ ಲೆಕ್ಕಕ್ಕೆ ಬರುವುದರಿಂದ ಆ ಕೆಲಸವನ್ನು ಶಾಫ್ಟ್ ದುರಸ್ತಿ ಬಲ್ಲವರಿಗೇ ಒಪ್ಪಿಸಬೇಕು.

ನಡುಕದ ಜತೆಗೆ ಕಟಕಟ ಸದ್ದು ಸೇರಿದರೆ ಮುಂದೆ ಓಡಿಸಬಾರದು. ಕ್ರಾಸ್ ಮುರಿದು ಶಾಫ್ಟ್ ಕಳಚಿದರೆ ಅದು ಪಕ್ಕದ ಬ್ರೇಕ್ ಪೈಪನ್ನೂ ಕಿತ್ತುಕೊಂಡು ಹೋಗಬಹುದು.

ಖಾಲಿ ಗಾಡಿಯ ಹಿಂದಿನ ಚಕ್ರಗಳು ಬ್ರೇಕ್ ಒತ್ತಿದಾಗ ಜಾರುತ್ತವೆ

ಈ ಲಕ್ಷಣ ಕಂಡ ದಿನವೇ ಗಾಡಿ ನಿಲ್ಲಿಸಬೇಕು. ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕಳುಹಿಸಬೇಕೆಂದು ನಿರ್ಧರಿಸುವ ಒಂದು ವಾಲ್ವ್ ಚಾಸಿಗೆ ಇರುತ್ತದೆ. ಅದರಿಂದ ಒಂದು ಸರಳು ಹೌಸಿಂಗಿಗೆ ಬಂದಿರುತ್ತದೆ. ಸರಕು ತುಂಬಿ ಚಾಸಿ ತಗ್ಗಿದಾಗ ಆ ಸರಳು ವಾಲ್ವನ್ನು ತೆರೆಯುತ್ತದೆ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಹೋಗುತ್ತದೆ. ಗಾಡಿಯನ್ನು ಇಳಿಸಿದಾಗ, ಸರಕಿಲ್ಲದಿದ್ದರೂ ಸರಕಿದೆ ಎಂದೇ ವಾಲ್ವ್ ತಿಳಿದುಕೊಳ್ಳುತ್ತದೆ. ಭಾರವಿಲ್ಲದ ಹಿಂದಿನ ಚಕ್ರಗಳಿಗೆ ಪೂರ್ಣ ಒತ್ತಡ ಹೋದರೆ ಅವು ಮುಂದಿನವಕ್ಕಿಂತ ಮೊದಲೇ ಕಚ್ಚಿಕೊಂಡು ಗಾಡಿ ಬಾಲ ತಿರುಗಿಸುತ್ತದೆ. ಒಣ ರಸ್ತೆಯಲ್ಲಿ ಗೊತ್ತಾಗದ ಈ ದೋಷ, ಜೂನ್ ತಿಂಗಳ ಮೊದಲ ಮಳೆಗೆ ದೇವಿಮನೆ ಘಟ್ಟದ ತಿರುವಿನಲ್ಲಿ, ಅಥವಾ ಮೀನಿನ ನೀರು ಸುರಿದ ಬಂದರಿನ ರಸ್ತೆಯಲ್ಲಿ ಹೊರಬೀಳುತ್ತದೆ.

ಮಾಲೀಕರು ಸ್ವತಃ ನೋಡಬಹುದಾದದ್ದು ಇಷ್ಟು: ಸರಳು ಇದೆಯೇ, ಬಾಗಿದೆಯೇ, ತುಕ್ಕಿಗೆ ಸಿಕ್ಕಿಕೊಂಡಿದೆಯೇ, ಇಳಿಸಿದ ಅಳತೆಗೆ ಸರಿಯಾಗಿ ಅದರ ಬ್ರ್ಯಾಕೆಟ್ ಬದಲಾಗಿದೆಯೇ. ಸರಳನ್ನು ಕಳಚಿಡುವುದು, ತಂತಿಯಿಂದ ಕಟ್ಟಿಡುವುದು ಎರಡೂ ಅಪಾಯ. ಕಳಚಿದ ವಾಲ್ವ್ ಗಾಡಿ ಖಾಲಿಯಿದೆ ಎಂದೇ ತಿಳಿದು ಒತ್ತಡ ತಡೆದರೆ, ತುಂಬಿದ ಗಾಡಿ ಘಟ್ಟ ಇಳಿಯುವಾಗ ಇಡೀ ಭಾರವನ್ನು ಮುಂದಿನ ಬ್ರೇಕುಗಳೇ ತಡೆಯಬೇಕಾಗಿ ಅವು ಕಾದು ಸೋಲುತ್ತವೆ. ಹೊಂದಿಸುವ ಕೆಲಸಕ್ಕೆ ಒತ್ತಡ ಮಾಪಕ ಮತ್ತು ಕಂಪನಿಯ ಅಳತೆ ಬೇಕು; ಅವಿಲ್ಲದ ಕಡೆ ಮುಟ್ಟಿಸಬೇಡಿ. ಇದೇ ಹೊತ್ತಿನಲ್ಲಿ ಹಿಂದಿನ ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ ಹೊಸ ಎತ್ತರದಲ್ಲಿ ಎಲ್ಲಿಯೂ ಉಜ್ಜುತ್ತಿಲ್ಲ ಎಂದು ನೋಡಿಕೊಳ್ಳಿ.

ಸ್ಟೇರಿಂಗ್ ನೆಟ್ಟಗಿದ್ದರೂ ಗಾಡಿ ಓರೆಯಾಗಿ ಓಡುತ್ತದೆ

ಹಿಂದೆ ಬರುವವರು ಹೇಳಿದಾಗಲೇ ಇದು ತಿಳಿಯುವುದು. ಮಳೆ ನಿಂತ ಮೇಲೆ ನೀರಿನ ಮೇಲೆ ಹಾಯಿಸಿ ಒಣ ಸಿಮೆಂಟ್ ನೆಲದ ಮೇಲೆ ನೇರ ಓಡಿಸಿದರೆ, ಹಿಂದಿನ ಚಕ್ರದ ಒದ್ದೆ ಗುರುತು ಮುಂದಿನದರಿಂದ ಎರಡೂ ಬದಿಯಲ್ಲಿ ಒಂದೇ ಸಮನಾಗಿ ಬೀಳುತ್ತಿದೆಯೇ ಎಂದು ಕಾಣುತ್ತದೆ. ಸಂಶಯವಿದ್ದರೆ ಗಾರೆಯವರ ತೂಗುಗುಂಡಿನಿಂದ ಚಕ್ರದ ನಡುಬಿಂದುಗಳನ್ನು ನೆಲಕ್ಕೆ ಗುರುತಿಸಿ, ಎಡ ಮತ್ತು ಬಲದ ಅಂತರಗಳನ್ನು ಹೋಲಿಸಬೇಕು. ವ್ಯತ್ಯಾಸ ಕಂಡರೆ, ಪ್ಲೇಟುಗಳನ್ನು ಹಿಡಿದ ಸೆಂಟರ್ ಬೋಲ್ಟಿನ ತಲೆ ಬ್ಲಾಕಿನ ತೂತಿನಲ್ಲಿ ಕುಳಿತಿಲ್ಲ ಅಥವಾ ಆ ಬೋಲ್ಟ್ ತುಂಡಾಗಿದೆ. ಯು-ಬೋಲ್ಟ್ ಎಷ್ಟೇ ಬಿಗಿದರೂ ಆ ತಲೆಯ ಹಿಡಿತವಿಲ್ಲದೆ ಹೌಸಿಂಗ್ ನಿಲ್ಲುವುದಿಲ್ಲ. ಗ್ಯಾರೇಜಿಗೆ ನಿಧಾನವಾಗಿ ಹೋಗುವುದು ಬಿಟ್ಟರೆ ಬೇರೆ ಓಡಾಟ ಬೇಡ.

ಕಿರಗುಟ್ಟುವ ಮತ್ತು ಟಕ್ ಎನ್ನುವ ಸದ್ದುಗಳು

ಕಿರಗುಟ್ಟುವುದು ಹೆಚ್ಚಾಗಿ ಪ್ಲೇಟಿನ ಕಣ್ಣುಗಳೊಳಗಿನ ರಬ್ಬರ್ ಬುಶ್. ಗಾಡಿ ಗಾಳಿಯಲ್ಲಿ ನೇತಾಡುವಾಗಲೇ ಬುಶ್ ಬೋಲ್ಟ್ ಬಿಗಿದಿದ್ದರೆ, ನೆಲಕ್ಕಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಸಡಿಲಿಸಿ, ಚಕ್ರಗಳ ಮೇಲೆ ಭಾರ ಇಟ್ಟು ಮತ್ತೆ ಬಿಗಿದರೆ ಸದ್ದು ಹೋಗುತ್ತದೆ. ಹಳೆ ಎಂಜಿನ್ ಆಯಿಲ್ ಸುರಿದರೆ ಎರಡು ದಿನ ಸದ್ದು ಅಡಗುತ್ತದೆ, ರಬ್ಬರ್ ಊದಿ ಹಾಳಾಗುತ್ತದೆ.

ಹೊರಡುವಾಗಲೂ ನಿಲ್ಲುವಾಗಲೂ ಒಂದೊಂದು ಟಕ್ ಕೇಳಿದರೆ ಯು-ಬೋಲ್ಟ್ ಸಡಿಲ. ಹಳೆಯ ಯು-ಬೋಲ್ಟ್ ಒಮ್ಮೆ ಬಿಗಿದಾಗಲೇ ಎಳೆದುಕೊಂಡಿರುವುದರಿಂದ ಇಳಿಸುವಾಗ ಹೊಸದನ್ನೇ ಹಾಕಿ, ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದಷ್ಟು ಬಿಗಿದು, ಮೊದಲ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ, 500ರ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು. ಒಂದರ ಮೇಲೊಂದು ಬ್ಲಾಕ್ ಪೇರಿಸಿದ್ದರೆ, ಅಥವಾ ಬ್ಲಾಕ್ ಮರದ್ದಾಗಿದ್ದರೆ, ಬಿಗಿಯುವ ಮಾತೇ ಇಲ್ಲ. ಅದನ್ನು ತೆಗೆಸಬೇಕು.

ಎದುರಿನ ಗಾಡಿಗಳು ರಾತ್ರಿ ಪದೇ ಪದೇ ಡಿಮ್ ಕೇಳುತ್ತವೆ

ಹಿಂಬದಿ ಇಳಿದರೆ ಮೂಗು ಮೇಲಾಗುತ್ತದೆ. ಎರಡು ಆ್ಯಕ್ಸಲ್‌ಗಳ ನಡುವೆ 3 ಮೀಟರ್ ಇರುವ ಗಾಡಿಯ ಹಿಂಬದಿಯನ್ನು 40 ಮಿಲಿಮೀಟರ್ ಇಳಿಸಿದರೆ ಬೆಳಕು 10 ಮೀಟರ್ ದೂರದ ಗೋಡೆಯ ಮೇಲೆ ಮೊದಲಿಗಿಂತ ಸುಮಾರು 13 ಸೆಂಟಿಮೀಟರ್ ಮೇಲೆ ಬೀಳುತ್ತದೆ. 50 ಮೀಟರ್ ದೂರದಲ್ಲಿ ಅದು 67 ಸೆಂಟಿಮೀಟರ್. ಇಳಿಸುವ ಮೊದಲೇ ಮನೆಯ ಗೋಡೆಯ ಮೇಲೆ ಬೆಳಕಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಚಕ್ರ ನಿಂತ ಜಾಗವನ್ನೂ ಗುರುತಿಸಿಟ್ಟಿದ್ದರೆ, ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಹೆಡ್‌ಲೈಟಿನ ಹಿಂದಿನ ತಿರುಪಿನಿಂದ ಬೆಳಕನ್ನು ಆ ಗೆರೆಗೇ ಇಳಿಸಬಹುದು. ಮುಂದೆ ಎಂದಾದರೂ ಭಾರ ತುಂಬಿದಾಗ ಮೂಗು ಇನ್ನೂ ಮೇಲೇಳುತ್ತದೆ. ಒಳಗಿನಿಂದ ಬೆಳಕು ತಗ್ಗಿಸುವ ಗುಂಡಿ ಇರುವ ಗಾಡಿಗಳಲ್ಲಿ ಅದನ್ನು ಆಗ ಬಳಸಬೇಕು.